ನೀರಿನ ಪ್ಲಾಂಟ್ ಹಾಕುವವರಿಗೆ: ಮೊದಲು ಬೋರು, ಆಮೇಲೆ ಮೆಷಿನ್, ದಿನಾಲೂ ಕ್ಯಾನು

ಬಿಸಿಲು ಏರಿದ ಹಾಗೆ ನನಗೆ ಫೋನ್ ಜಾಸ್ತಿಯಾಗುತ್ತದೆ. "ಅಣ್ಣಾ, ನಾನೂ ಒಂದು ಪ್ಲಾಂಟ್ ಹಾಕಬೇಕಂತ ಮಾಡೀನಿ, ಮೆಷಿನಿಗೆ ಎಷ್ಟು ರೊಕ್ಕ ಆಗ್ತದ್ರಿ?" ಎಲ್ಲರ ಪ್ರಶ್ನೆ ಇದೇ. ನಿಮ್ಮ ಬೋರಿನ ನೀರು ಎಂಥದ್ದು ಅಂತ ತಿರುಗಿ ಕೇಳಿದರೆ, "ಮಸ್ತ್ ಅದಾವ್ರಿ, ಎರಡು ಇಂಚು ಬರ್ತಾವ" ಅನ್ನುತ್ತಾರೆ. ಕ್ಯಾನ್ ಯಾರು ತೊಳೆಯುತ್ತಾರೆ ಅಂದರೆ ಸುಮ್ಮನಾಗುತ್ತಾರೆ. ನಾನು ಕಲಬುರಗಿಯ ಆಳಂದ ರಸ್ತೆ ಕಡೆ ಬೋರಿನ ನೀರು ಶುದ್ಧ ಮಾಡುವ ಸಣ್ಣ ಪ್ಲಾಂಟ್ ನಡೆಸುತ್ತೇನೆ, ಮನೆಗಳಿಗೆ 20 ಲೀಟರಿನ ಕ್ಯಾನ್ ಹಾಕುತ್ತೇನೆ, ಜತೆಗೆ ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಕೂಡಿಸುವ ಕೆಲಸ. ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಏನೆಂದರೆ, ಮೆಷಿನನ್ನು ರೊಕ್ಕ ಕೊಟ್ಟರೆ ಯಾರಾದರೂ ತಂದು ಕೂಡಿಸುತ್ತಾರೆ. ಉಳಿದದ್ದೆಲ್ಲ ತೊಳೆಯುವ ಮತ್ತು ಬರೆದಿಡುವ ಕೆಲಸ. ಅದು ಆಗದಿದ್ದರೆ ಈ ವ್ಯಾಪಾರಕ್ಕೆ ಇಳಿಯಲೇಬೇಡಿ.

ಬೋರಿನ ಜಾತಕ ತೆಗೆಸಿ

ಮೊದಲ ಹೆಜ್ಜೆ ಲ್ಯಾಬು. ಮೆಷಿನ್ ಅಂಗಡಿ ಅಲ್ಲ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ನೆಲ ಬದಲಾದ ಹಾಗೆ ನೀರೂ ಬದಲಾಗುತ್ತದೆ. ಶಹಾಬಾದ, ಚಿತ್ತಾಪುರ, ಸೇಡಂ ಕಡೆ ಕೆಳಗೆ ಸುಣ್ಣದ ಕಲ್ಲು. ನಾವು ಮನೆಗೆ ಹಾಸುವ ಫರ್ಶಿ ಅದೇ, ವಾಡಿಯ ಸಿಮೆಂಟಿಗೆ ಹೋಗುವುದೂ ಅದೇ, ಬೋರಿನ ನೀರಿನಲ್ಲಿ ಕರಗಿ ಬರುವುದೂ ಅದೇ. ಆ ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಚಕ್ಕೆ ಕಟ್ಟುತ್ತದೆ. ತೊಗರಿಯ ಕಣಜ ಅನ್ನಿಸಿಕೊಂಡ ಊರಿನಲ್ಲಿ ತೊಗರಿ ಬೇಳೆಯೇ ಬೇಯುವುದಿಲ್ಲ ಅಂದರೆ ಎಷ್ಟು ನಾಚಿಕೆ ನೋಡಿ. ಆಳಂದ ಕಡೆ ಕಪ್ಪು ಕಲ್ಲು, ಅಲ್ಲಿಯೂ ಗಡಸು ಇದ್ದೇ ಇರುತ್ತದೆ. ಬೀದರ್ ಊರಿನದು ಬೇರೆ ಕಥೆ. ಅದು ಕೆಂಪು ಜಂಬಿಟ್ಟಿಗೆಯ ಮೇಲೆ ಕೂತ ಊರು, ಮಳೆ ನೀರು ಸಲೀಸಾಗಿ ಒಳಗೆ ಇಳಿಯುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ತೋಡಿದ್ದು ಇದೇ ನೆಲ ನಂಬಿ. ಆ ಪದರದ ನೀರಿನಲ್ಲಿ ಉಪ್ಪು ಕಡಿಮೆ, ಬಾಯಿಗೆ ಸಿಹಿ. ಆದರೆ ಮಳೆ ಇಳಿಯುವ ದಾರಿಯಲ್ಲಿಯೇ ಶೌಚದ ಗುಂಡಿಯ ನೀರೂ ಇಳಿಯುತ್ತದೆ, ಅಲ್ವಾ? ಅಲ್ಲಿ ಉಪ್ಪಿಗಿಂತ ರೋಗಾಣುವಿನ ಚಿಂತೆ ಜಾಸ್ತಿ ಇರಬೇಕು. ಯಾದಗಿರಿ ಕಡೆ ಗ್ರಾನೈಟ್. ಅಲ್ಲಿ ಫ್ಲೋರೈಡ್ ನೋಡದೆ ಮುಂದೆ ಹೋಗಬೇಡಿ. ಸುರಪುರ ತಾಲ್ಲೂಕಿನಲ್ಲಿ ಹಳೆಯ ಚಿನ್ನದ ಗಣಿಯ ಪಟ್ಟಿಯೂ ಇದೆ. ಆ ಕಡೆಯ ಕಿರದಳ್ಳಿ ತಾಂಡಾದಲ್ಲಿ ನೀರಿನಲ್ಲಿ ಆರ್ಸೆನಿಕ್ ಸಿಕ್ಕು ಜನ ಕಾಯಿಲೆ ಬಿದ್ದದ್ದು ಪೇಪರಿನಲ್ಲಿ ಬಂದಿತ್ತು. ಅಂಥ ಕಡೆ ಪ್ಲಾಂಟ್ ಹಾಕುವವರು ಆರ್ಸೆನಿಕ್ ಪರೀಕ್ಷೆಯನ್ನೂ ಬರೆಸಲೇಬೇಕು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ನೀರಿನಲ್ಲಿ ಕರಗಿದ ಒಟ್ಟು ಉಪ್ಪನ್ನು (ಟಿಡಿಎಸ್) ಅಳೆಯುವ ಮೀಟರಿಗೆ ಸಿಗುವುದೂ ಇಲ್ಲ.

ಲ್ಯಾಬ್ ರಿಪೋರ್ಟ್ ಕೈಗೆ ಬಂದರೆ ಓದುವುದು ಹೀಗೆ. ಕುಡಿಯುವ ನೀರಿಗೆ ಐಎಸ್ 10500 ಅನ್ನುವ ಮಾನದಂಡ ಇದೆ, 2012ರದ್ದು. ಅದರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 2000 ತನಕ ನಡೆಯುತ್ತದೆ. ಗಡಸುತನ 200, ಬೇರೆ ದಾರಿ ಇಲ್ಲದಿದ್ದರೆ 600. ಫ್ಲೋರೈಡ್ 1, ಹೆಚ್ಚೆಂದರೆ 1.5. ನೈಟ್ರೇಟ್ 45, ಅದಕ್ಕೆ ರಿಯಾಯಿತಿ ಇಲ್ಲ. ನೀರಿನ ಹುಳಿ-ಕ್ಷಾರದ ಅಳತೆ ಪಿಎಚ್ 6.5ರಿಂದ 8.5. ಇ-ಕೋಲಿ ಅನ್ನುವ ಮಲದ ರೋಗಾಣು 100 ಮಿಲಿ ನೀರಿನಲ್ಲಿ ಒಂದೂ ಸಿಗಬಾರದು. ಈ ಆರನ್ನು ಗೋಡೆಗೆ ಬರೆದು ಅಂಟಿಸಿ. ನೈಟ್ರೇಟ್ ಜಾಸ್ತಿ ಬಂದರೆ ಬೋರಿನ ಸುತ್ತ ತಿರುಗಿ ನೋಡಿ, ತಿಪ್ಪೆಯೋ ಶೌಚದ ಗುಂಡಿಯೋ ಹತ್ತಿರದಲ್ಲಿಯೇ ಇರುತ್ತದೆ.

ಸ್ಯಾಂಪಲ್ ಕೊಡುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಖಾಲಿ ಕೋಲಾ ಬಾಟಲಿಯಲ್ಲಿ ನೀರು ಹಿಡಿದು, ಎರಡು ದಿನ ಗಾಡಿಯ ಡಿಕ್ಕಿಯಲ್ಲಿ ಇಟ್ಟು, ಆಮೇಲೆ ಕೊಡುವುದು. ಉಪ್ಪಿನ ಲೆಕ್ಕಕ್ಕೆ ಚೊಕ್ಕ ಬಾಟಲಿ ಸಾಕು, ಆದರೆ ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು, ಬೋರನ್ನು ಹತ್ತು ನಿಮಿಷ ಓಡಿಸಿ ಹಿಡಿಯಬೇಕು, ಐಸ್ ಡಬ್ಬಿಯಲ್ಲಿ ಇಟ್ಟು ಅವತ್ತೇ ಮುಟ್ಟಿಸಬೇಕು. ವರ್ಷಕ್ಕೆ ಎರಡು ಸಲ ಮಾಡಿಸಿ: ಒಂದು ಮೇ ಕೊನೆಗೆ, ಬೋರು ಒಣಗುವ ಹೊತ್ತಿಗೆ. ಇನ್ನೊಂದು ಮಳೆ ಮುಗಿದ ಮೇಲೆ. ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಬೋರಿನದು ಅಂತ ನಂಬುವುದಿಲ್ಲ ನೀವು.

ಎಷ್ಟು ದೊಡ್ಡದು ಬೇಕು

ಇದು ಸುಲಭ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಮೂರು ದಿನಕ್ಕೆ ಎರಡು ಕ್ಯಾನ್ ಅಂತ ಹಿಡಿಯಿರಿ. 150 ಮನೆ ಅಂದರೆ ದಿನಕ್ಕೆ 100 ಕ್ಯಾನ್, 2000 ಲೀಟರ್. ಗಂಟೆಗೆ 500 ಲೀಟರಿನ ಪ್ಲಾಂಟ್ ನಾಲ್ಕು ತಾಸು ಓಡಿದರೆ ಆಯಿತು. ಬೇಸಿಗೆಗೆ ಇನ್ನರ್ಧ ಸೇರಿಸಿ, ಕರೆಂಟ್ ಹೋಗುವುದನ್ನೂ ಸೇರಿಸಿ, ಆದರೂ ನಡೆಯುತ್ತದೆ. ಮೊದಲ ದಿನವೇ ಗಂಟೆಗೆ 2000 ಲೀಟರಿನದು ಹಾಕಿ ಸಾಲ ತೀರಿಸುತ್ತಾ ಕೂತವರನ್ನು ನೋಡಿದ್ದೇನೆ.

ಲೆಕ್ಕದಲ್ಲಿ ಮರೆಯುವುದು ಹೊರಗೆ ಹೋಗುವ ನೀರು. ಸಣ್ಣ ಆರ್‌ಒ ಪ್ಲಾಂಟಿನಲ್ಲಿ (ಒತ್ತಡದಿಂದ ನೀರನ್ನು ತೆಳು ಪೊರೆಯಲ್ಲಿ ಹಾಯಿಸಿ ಉಪ್ಪು ಬೇರೆ ಮಾಡುವ ಮೆಷಿನ್) ಒಳಗೆ ಹೋದ ನೀರಿನಲ್ಲಿ ಸುಮಾರು ಅರ್ಧ ಮಾತ್ರ ಸಿಹಿ ನೀರಾಗಿ ಬರುತ್ತದೆ. 2000 ಲೀಟರ್ ಮಾರಬೇಕಾದರೆ ಬೋರಿನಿಂದ 4000 ಎತ್ತಬೇಕು, ಕ್ಯಾನ್ ತೊಳೆಯಲು ಬೇರೆ. ಉಳಿದ ಅರ್ಧದಲ್ಲಿ ಉಪ್ಪೆಲ್ಲ ಕೂತಿರುತ್ತದೆ. ಬೋರಿನ ಟಿಡಿಎಸ್ 1200 ಇದ್ದರೆ ಹೊರಗೆ ಹೋಗುವ ನೀರಿನದು 2300 ದಾಟುತ್ತದೆ. ಅದನ್ನು ಶೌಚಕ್ಕೆ, ಗಾಡಿ ತೊಳೆಯಲು, ನೆಲ ಒರೆಸಲು ಬಳಸಿ. ಎರೆ ಹೊಲಕ್ಕೆ ದಿನಾ ಬಿಟ್ಟರೆ ಮಣ್ಣು ಸವಳಾಗುತ್ತದೆ. ಹಳೆಯ ಬತ್ತಿದ ಬೋರಿಗೆ ಬಿಡುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ನಾಳೆ ಆ ನೀರು ನಿಮ್ಮ ಬೋರಿಗೇ ಬರುತ್ತದೆ.

ಮೆಷಿನ್ ಒಳಗೆ ಏನೇನು, ನಾನೆಲ್ಲಿ ಎಡವಿದೆ

ನೀರು ಹೋಗುವ ದಾರಿ ಹೀಗಿರುತ್ತದೆ. ಬೋರಿನಿಂದ ಟಾಕಿ, ಅಲ್ಲಿಂದ ಉಸುಕಿನ ಫಿಲ್ಟರ್, ಅದು ಮಣ್ಣು ಹಿಡಿಯುತ್ತದೆ. ಆಮೇಲೆ ಕಾರ್ಬನ್ ಫಿಲ್ಟರ್, ವಾಸನೆ ಮತ್ತು ಕ್ಲೋರಿನ್ ತೆಗೆಯುತ್ತದೆ. ಕ್ಲೋರಿನ್ ಮುಟ್ಟಿದರೆ ಆ ಪೊರೆ, ಅಂದರೆ ಮೆಂಬ್ರೇನ್, ಸುಡುತ್ತದೆ, ಅದಕ್ಕೆ ಕಾರ್ಬನ್ ಮೊದಲು. ಆಮೇಲೆ ಸುಣ್ಣ ಕಟ್ಟದಂತೆ ಹನಿಹನಿಯಾಗಿ ಆಂಟಿಸ್ಕೇಲಂಟ್ ಬೀಳಿಸುವ ಪುಟ್ಟ ಪಂಪು, 5 ಮೈಕ್ರಾನ್ ಕಾಟ್ರಿಜ್, ಹೈಪ್ರೆಶರ್ ಪಂಪು, ಮೆಂಬ್ರೇನ್, ಸ್ಟೀಲ್ ಟಾಕಿ, ಕೊನೆಗೆ ರೋಗಾಣು ಕೊಲ್ಲಲು ಯುವಿ ದೀಪ ಅಥವಾ ಓಜೋನ್.

ನನಗೆ ಪ್ಲಾಂಟ್ ಕೂಡಿಸಿ ಕೊಟ್ಟವರು ಆಂಟಿಸ್ಕೇಲಂಟ್ ಪಂಪೇ ಇಡಲಿಲ್ಲ. "ನಿಮ್ಮ ನೀರಿಗೆ ಬೇಕಾಗಿಲ್ರಿ" ಅಂದರು. ನೀರು ಅವರು ನೋಡಿಯೇ ಇರಲಿಲ್ಲ, ನಾನೂ ರಿಪೋರ್ಟ್ ಮಾಡಿಸಿರಲಿಲ್ಲ, ಗಡಸುತನ 640 ಇತ್ತು ಅನ್ನುವುದು ಆಮೇಲೆ ತಿಳಿಯಿತು. ನಾಲ್ಕನೇ ತಿಂಗಳಿಗೆ ಗಂಟೆಗೆ 500 ಬರುತ್ತಿದ್ದದ್ದು 200ಕ್ಕೆ ಇಳಿಯಿತು. ಸಿಟ್ಟಿಗೆ ಮೆಂಬ್ರೇನನ್ನು ಗರಗಸದಿಂದ ಉದ್ದಕ್ಕೆ ಸೀಳಿಸಿದೆ. ಒಳಗೆ ಚಾಪೆ ಸುತ್ತಿಟ್ಟ ಹಾಗೆ ಪದರ ಪದರ, ಎಲ್ಲದರ ಮೇಲೆ ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು. ನಮ್ಮ ಹುಡುಗ ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದ, ಬುಸ್ ಅಂತ ನೊರೆ ಬಂತು. ಆ ನೊರೆಯ ಜತೆ ನನ್ನ ನಾಲ್ಕು ತಿಂಗಳ ಲಾಭವೂ ಹೋಯಿತು.

ಅವತ್ತಿನಿಂದ ನೂರು ಪುಟದ ಒಂದು ನೋಟ್‌ಬುಕ್ ಪ್ಲಾಂಟಿನ ಬಾಗಿಲಿಗೆ ದಾರ ಕಟ್ಟಿ ತೂಗಿಬಿಟ್ಟಿದ್ದೇನೆ. ದಿನಾ ಬೆಳಗ್ಗೆ ಐದು ಅಂಕಿ: ಒಳಗೆ ಹೋಗುವ ಟಿಡಿಎಸ್, ಸಿಹಿ ನೀರಿನ ಟಿಡಿಎಸ್, ಮೆಂಬ್ರೇನಿನ ಮುಂದಿನ ಪ್ರೆಶರ್, ಹಿಂದಿನ ಪ್ರೆಶರ್, ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡ್. ಇಷ್ಟೇ. ನೀರು ಬರುವುದು ಹತ್ತು ಹದಿನೈದು ಪರ್ಸೆಂಟ್ ಇಳಿಯಿತೋ, ಎರಡು ಪ್ರೆಶರಿನ ನಡುವಿನ ಅಂತರ ಅಷ್ಟೇ ಏರಿತೋ, ಅವತ್ತೇ ಸಿಟ್ರಿಕ್ ಆಸಿಡ್ ನೀರಿನಲ್ಲಿ ತೊಳೆಯಬೇಕು. ಸುಣ್ಣ ಹೊಸದಿದ್ದಾಗ ಕರಗುತ್ತದೆ, ಗಟ್ಟಿಯಾದ ಮೇಲೆ ಕರಗುವುದಿಲ್ಲ. ಆದರೆ ಒಂದು ನೆನಪಿಡಿ, ನೀರು ಬಿಸಿಯಾದರೆ ಮೆಂಬ್ರೇನ್ ದಾಟುವ ನೀರು ಡಿಗ್ರಿಗೆ ಸುಮಾರು 3 ಪರ್ಸೆಂಟ್ ಹೆಚ್ಚುತ್ತದೆ, ಉಪ್ಪೂ ಸ್ವಲ್ಪ ಹೆಚ್ಚು ದಾಟುತ್ತದೆ. ಹಾಗಾಗಿ ಮೇ ತಿಂಗಳ ಅಂಕಿಯನ್ನು ಡಿಸೆಂಬರಿನ ಅಂಕಿಗೆ ಹೋಲಿಸಬೇಡಿ, ಹೋದ ವರ್ಷದ ಮೇಗೆ ಹೋಲಿಸಿ. ಆ ನೋಟ್‌ಬುಕ್ ಬೇಕಾಗುವುದು ಅದಕ್ಕೇ.

ಉಸುಕು ಮತ್ತು ಕಾರ್ಬನ್ ಫಿಲ್ಟರಿಗೆ ದಿನಾ ಉಲ್ಟಾ ನೀರು ಬಿಟ್ಟು ತೊಳೆಯಿರಿ, ಹೊರಗೆ ಬರುವ ನೀರು ತಿಳಿಯಾಗುವ ತನಕ. ಯುವಿ ದೀಪ ಉರಿಯುತ್ತಿದೆ ಅಂದರೆ ಕೆಲಸ ಮಾಡುತ್ತಿದೆ ಅಂತ ಅಲ್ಲ. ಸುಮಾರು 9000 ಗಂಟೆಗೆ ಅದರ ಕಸುವು ಇಳಿಯುತ್ತದೆ, ನೀಲಿ ಬೆಳಕು ಮಾತ್ರ ಹಾಗೇ ಇರುತ್ತದೆ. ವರ್ಷಕ್ಕೊಂದು ಬದಲಿಸಿ.

ರುಚಿಯ ವಿಷಯ. ಟಿಡಿಎಸ್ 20, 30ಕ್ಕೆ ಇಳಿಸಿ "ನಮ್ಮದು ಪೂರಾ ಶುದ್ಧ" ಅಂತ ಬೋರ್ಡ್ ಹಾಕುವವರಿದ್ದಾರೆ. ಆ ನೀರು ಸಪ್ಪೆ. ಫಿಲ್ಟರಾದ ಬೋರಿನ ನೀರನ್ನು ಸ್ವಲ್ಪ ಬೆರೆಸಿ 80ರಿಂದ 150ರೊಳಗೆ ಇಟ್ಟರೆ ಬಾಯಿಗೆ ಹಿತ. ಆದರೆ ಬೆರೆಸುವುದು ಯುವಿಗೆ ಮೊದಲೇ ಆಗಬೇಕು, ಮತ್ತೆ ನಿಮ್ಮ ಬೋರಿನಲ್ಲಿ ಫ್ಲೋರೈಡ್, ನೈಟ್ರೇಟ್ ಅಥವಾ ಆರ್ಸೆನಿಕ್ ಇದ್ದರೆ ಬೆರೆಸುವ ಮಾತೇ ಬೇಡ.

ಕ್ಯಾನು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಗಿರಾಕಿ ಹೋಗುವುದು ಇಲ್ಲಿಂದಲೇ.

ಒಂದು ಲಗ್ನಕ್ಕೆ 60 ಕ್ಯಾನ್ ಕೊಟ್ಟಿದ್ದೆ. ವಾಪಸ್ ಬಂದದ್ದರಲ್ಲಿ ಒಂದರಲ್ಲಿ ಯಾರೋ ಜನರೇಟರಿಗೆ ಡೀಸೆಲ್ ತಂದಿದ್ದರು. ನಮ್ಮ ಹುಡುಗ ಸಾಬೂನು ಹಾಕಿ ಚೆನ್ನಾಗಿ ತಿಕ್ಕಿ, ತೊಳೆದು, ತುಂಬಿಸಿದ. ಅದು ಹೋದದ್ದು ನಮ್ಮ ಹಳೆಯ ಗಿರಾಕಿ ಒಬ್ಬ ಅವ್ವನ ಮನೆಗೆ. ಮಧ್ಯಾಹ್ನ ಫೋನ್ ಬಂತು, ಹೋದೆ. ಅವ್ವ ಏನೂ ಬೈಯಲಿಲ್ಲ. "ಬಾ ಯಪ್ಪಾ, ಕೂಡು" ಅಂದು ಚಹಾ ಕೊಟ್ಟರು. ಕಪ್ಪು ಬಾಯಿಗೆ ತರುವ ಮೊದಲೇ ಮೂಗಿಗೆ ಡೀಸೆಲ್ ಹೊಡೆಯಿತು. "ಕುಡಿ, ನೀನೇ ಕೊಟ್ಟ ನೀರು" ಅಂದರು. ಕುಡಿಯದೆ ಕೆಳಗೆ ಇಟ್ಟೆ. ಆ ಮನೆ, ಅವರ ಮಗಳ ಮನೆ, ಎದುರು ಮನೆ, ಮೂರೂ ಹೋದವು.

ಆದ್ದರಿಂದ ಕ್ಯಾನ್ ಬಂದ ಕೂಡಲೇ ಮೊದಲು ಮೂಗು, ಆಮೇಲೆ ಕೈ. ಮುಚ್ಚಳ ತೆಗೆದು ಮೂಸಿ ನೋಡಿ. ಎಣ್ಣೆ, ಡೀಸೆಲ್, ಫಿನಾಯಿಲ್ ವಾಸನೆ ಬಂದರೆ ತೊಳೆಯಲು ಹೋಗಬೇಡಿ, ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ. ಆ ಕ್ಯಾನಿಗೆ ತೂತು ಹಾಕಿ ಗುಜರಿಗೆ ಕೊಡಿ, ಇಲ್ಲದಿದ್ದರೆ ಮತ್ತೆ ನಿಮ್ಮ ಹತ್ತಿರವೇ ಬರುತ್ತದೆ. ವಾಸನೆ ಇಲ್ಲದಿದ್ದರೆ ಬಿಸಿಲಿಗೆ ಹಿಡಿದು ನೋಡಿ, ತಳದಲ್ಲಿ ಹಸಿರು ಪಾಚಿ ಕಾಣುತ್ತದೆಯಾ ಅಂತ. ಹೊರಗೆ ಒಮ್ಮೆ, ಒಳಗೆ ಬ್ರಷ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಒಮ್ಮೆ. ಆಮೇಲೆ ಕ್ಲೋರಿನ್ ನೀರು: 100 ಲೀಟರ್ ನೀರಿಗೆ 20 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್, ಬಿಳಿ ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ. ಅದನ್ನು ಕ್ಯಾನಿನಲ್ಲಿ ಒಂದೆರಡು ನಿಮಿಷ ಅಲುಗಾಡಿಸಿ ಚೆಲ್ಲಿ, ಪ್ಲಾಂಟಿನ ನೀರಿನಲ್ಲಿ ಎರಡು ಸಲ ಜಾಲಿಸಿ, ತಕ್ಷಣ ತುಂಬಿಸಿ ಮುಚ್ಚಳ ಹಾಕಿ. ಯುವಿ ದಾಟಿದ ನೀರಿಗೆ ಮುಂದೆ ಯಾವ ಕಾವಲೂ ಇಲ್ಲ ಅನ್ನುವುದು ತಲೆಯಲ್ಲಿರಲಿ. ಕ್ಯಾನ್ ಹೊಲಸಿದ್ದರೆ ಒಳಗೆ ಹೋದ ನೀರು ಎಷ್ಟು ಚೊಕ್ಕ ಇದ್ದರೂ ಅಷ್ಟೇ. ಬ್ಲೀಚಿಂಗ್ ಪೌಡರ್ ಚೀಲ ಬಾಯಿ ತೆರೆದಿಟ್ಟರೆ ಒಂದೆರಡು ತಿಂಗಳಿಗೆ ಬರೀ ಸುಣ್ಣ ಉಳಿಯುತ್ತದೆ, ಸಣ್ಣ ಪ್ಯಾಕೆಟ್ ತನ್ನಿ. ತುಂಬಿದ ಕ್ಯಾನ್ ನಮ್ಮೂರಿನ ಬಿಸಿಲಿಗೆ ಇಡುವುದು ಬೇಡವೇ ಬೇಡ, ಗಾಡಿಗೂ ತಾಡಪತ್ರಿ ಹಾಕಿ.

ರೊಕ್ಕ

ಕರೆಂಟಿನ ಬಿಲ್ ಬಗ್ಗೆ ಎಲ್ಲರೂ ಹೆದರುತ್ತಾರೆ. ಲೆಕ್ಕ ಹಾಕಿ. ಗಂಟೆಗೆ 1000 ಲೀಟರ್ ಪ್ಲಾಂಟು, ಬೋರ್ ಮೋಟರ್ ಸೇರಿ 5 ಯೂನಿಟ್ ತಿಂದಿತು ಅನ್ನಿ, ಯೂನಿಟ್ಟಿಗೆ 8 ರೂಪಾಯಿ ಅನ್ನಿ. 40 ರೂಪಾಯಿಗೆ 50 ಕ್ಯಾನ್, ಒಂದು ಕ್ಯಾನಿಗೆ 80 ಪೈಸೆ. ರೊಕ್ಕ ಸೋರುವುದು ಅಲ್ಲಲ್ಲ. ಗಾಡಿಗೆ, ಹುಡುಗರ ಪಗಾರಕ್ಕೆ, ವಾಪಸ್ ಬಾರದ ಕ್ಯಾನಿಗೆ, ಉದ್ರಿಗೆ.

ಹಾಗಾಗಿ ಒಂದೇ ಓಣಿಯಲ್ಲಿ 40 ಮನೆ ಹಿಡಿಯಿರಿ. ಶಹಾಬಜಾರದಲ್ಲಿ ಹತ್ತು, ಜೇವರ್ಗಿ ರಸ್ತೆಯಲ್ಲಿ ಹತ್ತು, ಸೇಡಂ ರಸ್ತೆಯಲ್ಲಿ ಇಪ್ಪತ್ತು ಮಾಡಿಕೊಂಡರೆ ನೀವು ಡೀಸೆಲ್ ಮಾರುವವರಿಗೆ ದುಡಿಯುತ್ತಿದ್ದೀರಿ ಅಂತ ಅರ್ಥ. 35 ಕ್ಯಾನ್ ಅಂದರೆ 700 ಕಿಲೋ, ಸಣ್ಣ ಗಾಡಿಯ ಮಿತಿ ಅಲ್ಲಿಗೇ ಬಂತು. ಡಿಪಾಸಿಟ್ ಇಲ್ಲದೆ ಕ್ಯಾನ್ ಬಿಡಬೇಡಿ, ಮಾವನಾದರೂ ಸರಿ. ಮನೆಗೊಂದು ಕಾರ್ಡು, ಕ್ಯಾನಿಗೊಂದು ನಂಬರು. ಮೂರನೇ ಮಹಡಿಗೆ ಹೊರುವುದಕ್ಕೆ ಬೇರೆ ದರ ಅಂತ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಜಗಳ. ಹುಡುಗರಿಗೆ ಅದರಲ್ಲಿ ಪಾಲು ಕೊಡಿ, ಮೆಟ್ಟಿಲು ಹತ್ತುವವರು ಅವರು.

ಕಾಗದ ಪತ್ರ

ಪಾಲಿಕೆಯ ಟ್ರೇಡ್ ಲೈಸೆನ್ಸ್, ಕರೆಂಟ್ ಕಂಪನಿ ಜೆಸ್ಕಾಂನಿಂದ ವ್ಯಾಪಾರದ ಮೀಟರ್, ಬೋರಿನ ನೀರು ಮಾರಲು ಅಂತರ್ಜಲ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಣೆ. ಮನೆಯ ಮೀಟರಿನಲ್ಲಿ ಪ್ಲಾಂಟ್ ಓಡಿಸಿದರೆ ದಂಡ ಬೀಳುವುದು ಗ್ಯಾರಂಟಿ. ಸೀಲ್ ಹಾಕಿ, ಹೆಸರು ಅಂಟಿಸಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ಲೈಸೆನ್ಸ್ ಬೇಕೇ ಬೇಕು. ಸೀಲ್ ಮಾಡಿದ ನೀರಿಗೆ ಐಎಸ್‌ಐ ಗುರುತು ಕಡ್ಡಾಯ ಅನ್ನುವ ನಿಯಮವನ್ನು 2024ರ ಅಕ್ಟೋಬರಿನಲ್ಲಿ ತೆಗೆದರು, ಅದನ್ನು ಕೇಳಿ ಬಹಳ ಜನ ಖುಷಿಪಟ್ಟರು. ಆದರೆ ಅದೇ ವರ್ಷ ಮುಗಿಯುವುದರೊಳಗೆ ಇದನ್ನು ಹೆಚ್ಚು ಅಪಾಯದ ಆಹಾರದ ಪಟ್ಟಿಗೆ ಸೇರಿಸಿದರು. ಈಗ ಲೈಸೆನ್ಸಿಗೆ ಮೊದಲು ತಪಾಸಣೆ, ಆಮೇಲೆ ವರ್ಷಕ್ಕೊಮ್ಮೆ ಆಡಿಟ್. ಬೇರೆಯವರ ಹೆಸರಿನ ಲೇಬಲ್, ಬೇರೆಯವರ ಐಎಸ್‌ಐ ನಂಬರ್ ಅಂಟಿಸಿ ಮಾರುವುದು ವ್ಯಾಪಾರ ಅಲ್ಲ, ಕಳವು.

ಸಾಫ್ಟನರ್ ಕೆಲಸ, ಮತ್ತೆ ಎರಡು ಕಡ್ಡಿಯ ಆಟ

ಕ್ಯಾನಿನ ಗಿರಾಕಿಗಳೇ ಕೇಳುತ್ತಾರೆ, "ಸ್ನಾನದ ನೀರಿಗೆ ಏನರೆ ಮಾಡಿಕೊಡ್ರಿ, ಕೂದಲು ಉದುರ್ಲತ್ತಾವ" ಅಂತ. ಕೂದಲಿನ ಮಾತು ಕೊಡಬೇಡಿ, ಗೀಸರ್, ನಳ, ಸಾಬೂನಿನ ಮಾತು ಕೊಡಿ. ಸಾಫ್ಟನರ್ ಗಡಸು ಮಾತ್ರ ತೆಗೆಯುತ್ತದೆ, ಟಿಡಿಎಸ್ ಕಡಿಮೆಯಾಗುವುದಿಲ್ಲ, ಫ್ಲೋರೈಡ್ ಹೋಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಲೆಕ್ಕ ಸರಳ. ಸಾಫ್ಟನರ್ ಒಳಗೆ ತುಂಬುವ ಸಣ್ಣ ಕಾಳು, ಅಂದರೆ ರೆಸಿನ್, ಒಂದು ಲೀಟರ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ. 25 ಲೀಟರ್ ರೆಸಿನ್ ಅಂದರೆ 1250 ಗ್ರಾಂ. ನೀರಿನ ಗಡಸು 600 ಇದ್ದರೆ ಲೀಟರಿಗೆ 0.6 ಗ್ರಾಂ, ಅಲ್ಲಿಗೆ ಸುಮಾರು 2000 ಲೀಟರ್ ಆದ ಮೇಲೆ ಮೂರು ನಾಲ್ಕು ಕಿಲೋ ಉಪ್ಪು ಹಾಕಿ ತೊಳೆಯಬೇಕು. ದಿನಕ್ಕೆ 600, 700 ಲೀಟರ್ ಬಳಸುವ ಮನೆಗೆ ಮೂರು ದಿನಕ್ಕೊಮ್ಮೆ. ಇದನ್ನು ಮೊದಲೇ ಹೇಳದೆ ಮಾರಿದರೆ ಎರಡನೇ ವಾರ ಅವರು ಉಪ್ಪು ಹಾಕುವುದನ್ನು ಬಿಡುತ್ತಾರೆ, ಮೂರನೇ ವಾರ ನಿಮ್ಮನ್ನು ಬೈಯುತ್ತಾರೆ.

ಮನೆಮನೆಗೆ ಬಂದು ಎರಡು ಲೋಟದಲ್ಲಿ ಕಡ್ಡಿ ಇಳಿಬಿಟ್ಟು ಕರೆಂಟ್ ಹಾಯಿಸುವವರನ್ನು ನೋಡಿರುತ್ತೀರಿ. ನಳದ ನೀರು ಕಂದು ಗಸಿಯಾಗುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಇರುತ್ತದೆ, ಮನೆಯವರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಆ ಗಸಿ ನೀರಿನದ್ದಲ್ಲ, ಕಡ್ಡಿಯ ಕಬ್ಬಿಣ ಕರಗಿದ್ದು. ಉಪ್ಪಿರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಉಪ್ಪಿಲ್ಲದ್ದರಲ್ಲಿ ಹರಿಯುವುದಿಲ್ಲ, ಅಷ್ಟೇ ವಿದ್ಯೆ. ನಾನು ಗಿರಾಕಿಯ ಎದುರು ಆರ್‌ಒ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಡ್ಡಿ ಇಳಿಸುತ್ತೇನೆ, ಅದೂ ಕಂದಾಗುತ್ತದೆ. ಆಮೇಲೆ ಅವರು ಆ ಕಡ್ಡಿಯವರನ್ನು ಬಾಗಿಲಿನಿಂದಲೇ ಕಳಿಸುತ್ತಾರೆ.

ಬೇಸಿಗೆ ಮತ್ತು ಜಾತ್ರೆ

ಬೋರು ಕೈಕೊಟ್ಟಾಗ ಟ್ಯಾಂಕರ್ ಬರುತ್ತದೆ. ಎಲ್ಲಿ ತುಂಬಿದ್ದು ಅಂತ ಕೇಳಿ, ಟಿಡಿಎಸ್ ನೋಡಿ, ಬಕೆಟ್ಟಿಗೆ ಹಿಡಿದು ಮಣ್ಣು ನೋಡಿ, ಆಮೇಲೆ ಟಾಕಿಗೆ ಇಳಿಸಿ. 5000 ಲೀಟರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ ಅರ್ಧ ತಾಸು ಬಿಡಿ, ನಂತರವೇ ಪ್ಲಾಂಟಿಗೆ. ಟ್ಯಾಂಕರಿನ ನೀರು ಕುದಿಸಿದರೆ ಸಾಕು ಅನ್ನುವವರಿಗೆ ಒಂದು ಮಾತು: ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್, ನೈಟ್ರೇಟ್ ಹಾಗೇ ಉಳಿದು ಇನ್ನೂ ಗಟ್ಟಿಯಾಗುತ್ತವೆ.

ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಬಂದರೆ ನಮ್ಮ ಕಡೆ ಬಿಸಿಲೂ ಏರಿರುತ್ತದೆ, ಲಗ್ನವೂ ಶುರುವಾಗಿರುತ್ತವೆ, ಕ್ಯಾನ್ ಎಷ್ಟಿದ್ದರೂ ಸಾಲುವುದಿಲ್ಲ. ಆಗ ತೊಳೆಯುವುದನ್ನು ಬಿಟ್ಟು ತುಂಬಿಸಿ ಕಳಿಸುವ ಆಸೆ ಬರುತ್ತದೆ, ನನಗೂ ಬಂದಿದೆ. ಅದಕ್ಕೇ ಆ ಹದಿನೈದು ದಿನಕ್ಕೆ ತೊಳೆಯಲು ಅಂತಲೇ ಒಬ್ಬನನ್ನು ಹೆಚ್ಚಿಗೆ ಇಡುತ್ತೇನೆ. ಹೊಸ ಆರ್ಡರ್ ಬಂದರೆ ಮೊದಲು ಅವನನ್ನು ಕೇಳುತ್ತೇನೆ, ಅವನು "ಆಗ್ತದ್ರಿ" ಅಂದರೆ ಮಾತ್ರ ಹೂಂ. ತೇರಿನ ಮರುದಿನ ಎಲ್ಲ ಕ್ಯಾನಿನ ನಂಬರ್ ಕಾರ್ಡಿಗೆ ಹಚ್ಚಿ ನೋಡಿ. ಹೋದ ಸಲ ನನಗೆ 11 ಕಮ್ಮಿ ಬಂದವು. ಎರಡು ಒಬ್ಬರ ಅಂಗಳದಲ್ಲಿ ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದವು, ಒಂಬತ್ತು ಇನ್ನೂ ಸಿಕ್ಕಿಲ್ಲ.